ಧರೆ ರಿಪೇರಿಗೆ ಪರಿಸರ ಪರಿಶೀಲನೆ: ಎಲ್ಲಿ ಕಣ್ಣಿಡಬೇಕು?

ಪ್ರಶ್ನೆ: ಸಂರಕ್ಷಿತ ಭೂದೃಶ್ಯದೊಳಗೆ ಹೋಗುವ ರಸ್ತೆಯ ಪಕ್ಕ ಮಳೆಗೆ ಧರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿದಿದೆ. ಸುಮಾರು 50 ಮೀಟರ್ ಉದ್ದ, 10 ಮೀಟರ್ ಎತ್ತರ. ಕೆಳಗೆ ತೊರೆ ಇದೆ. ‘ಇದು ಹೊಸ ರಸ್ತೆಯಲ್ಲ, ಬರೀ ರಿಪೇರಿ, ಪರಿಸರಕ್ಕೆ ಏನೂ ಆಗಲ್ಲ’ ಅನ್ನುತ್ತಿದ್ದಾರೆ ಕೆಲಸ ಮಾಡಿಸುವವರು. ಪರಿಸರ ಪರಿಶೀಲನೆಯಲ್ಲಿ ಅಭಿಪ್ರಾಯ ತಿಳಿಸಲು ನಮಗೆ ಅವಕಾಶ ಸಿಕ್ಕಿದೆ. ಏನು ನೋಡಬೇಕು, ಏನು ಕೇಳಬೇಕು?

ಉತ್ತರ: ರಿಪೇರಿಯೇ ಬೇಡ ಅಂತ ಹೊರಡಬೇಡಿ. ಕುಸಿದ ಧರೆಯನ್ನು ಹಾಗೇ ಬಿಟ್ಟರೆ ಪ್ರತಿ ಮಳೆಗೂ ಮಣ್ಣು ತೊರೆಗೆ ಇಳಿಯುತ್ತದೆ. ಅದೂ ಪರಿಸರಕ್ಕೆ ಹಾನಿಯೇ. ಹಾಗಾಗಿ ಮೊದಲು ಹೋಲಿಕೆ ಕೇಳಿ: ಏನೂ ಮಾಡದಿದ್ದರೆ ಏನಾಗುತ್ತದೆ, ಎರಡು ಮೂರು ಬೇರೆ ಬೇರೆ ವಿಧಾನಗಳಲ್ಲಿ ಮಾಡಿದರೆ ಏನಾಗುತ್ತದೆ? ಒಂದೇ ವಿನ್ಯಾಸ ಮುಂದಿಟ್ಟು ‘ಪರಿಣಾಮ ಕಡಿಮೆ’ ಅಂದರೆ, ಯಾವುದಕ್ಕಿಂತ ಕಡಿಮೆ ಅಂತ ಗೊತ್ತಾಗುವುದಿಲ್ಲ.

ಎಲ್ಲರೂ ತಡೆಗೋಡೆ ನೋಡುತ್ತಾರೆ. ನಾನು ಮೊದಲು ಮಣ್ಣಿನ ಲೆಕ್ಕ ಹಾಕುತ್ತೇನೆ. ಸಡಿಲ ಮಣ್ಣನ್ನು ಸರಾಸರಿ 2 ಮೀಟರ್ ಆಳಕ್ಕೆ ತೆಗೆಯುತ್ತಾರೆ ಅಂದುಕೊಳ್ಳಿ. 50ನ್ನು 10ರಿಂದ, ಮತ್ತೆ 2ರಿಂದ ಗುಣಿಸಿದರೆ 1000 ಘನ ಮೀಟರ್. ಅಗೆದ ಮಣ್ಣು ಉಬ್ಬುತ್ತದೆ. ಕಾಲು ಭಾಗ ಜಾಸ್ತಿ ಹಿಡಿದರೆ 1250. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗೆ 125 ಲೋಡು, ಹೋಗಿ ಬರುವುದು ಸೇರಿ 250 ಓಡಾಟ. ಇಷ್ಟು ಮಣ್ಣು ಎಲ್ಲಿಗೆ ಹೋಗುತ್ತದೆ?

ಒಮ್ಮೆ ನಾನು ನೋಡಲು ಹೋದ ಕೆಲಸದ ವರದಿಯಲ್ಲಿ ‘ನಿಗದಿತ ಜಾಗಕ್ಕೆ ಸಾಗಿಸಲಾಗುವುದು’ ಎಂದಿತ್ತು. ಎರಡು ತಿರುವು ದಾಟಿ ಇಳಿದು ನೋಡಿದರೆ, ಕಣಿವೆಗೆ ಹಸಿ ಕೆಂಪು ಮಣ್ಣು ಸುರಿದಿದ್ದರು. ಮರಗಳು ಸೊಂಟದವರೆಗೆ ಹೂತು ಹೋಗಿದ್ದವು. ‘ನಿಗದಿತ’ ಅನ್ನುವ ಪದ ಕಂಡರೆ ನನಗೆ ಈಗಲೂ ಅನುಮಾನ. ನಕ್ಷೆಯಲ್ಲಿ ಚುಕ್ಕೆ ಇಟ್ಟು ತೋರಿಸಿ ಅನ್ನಿ.

ಆಮೇಲೆ ನೀರು. ಮಳೆಗೆ ಧರೆ ಕುಸಿಯುವುದು ಬರೀ ಭಾರದಿಂದಲ್ಲ. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿ ಒತ್ತಡ ಏರಿದಾಗ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಮಣ್ಣಿನ ಬಲದ ಅಧ್ಯಯನಕ್ಕೆ ಹೆಸರಾದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಅದಕ್ಕೇ ಧರೆಯ ತಲೆಯ ಮೇಲೆ ಚರಂಡಿ, ಗೋಡೆಯಲ್ಲಿ ತೂತು, ಒಳಕ್ಕೆ ಚುಚ್ಚಿದ ಪೈಪು ಎಲ್ಲ ಬೇಕು. ಆದರೆ ಮೊದಲು 50 ಮೀಟರ್ ಉದ್ದಕ್ಕೂ ಜಿನುಗುತ್ತಿದ್ದ ನೀರು ಈಗ ಒಂದೇ ಪೈಪಿನಿಂದ ಧುಮುಕುತ್ತದೆ. ಅದರ ಬಾಯಿಯ ಕೆಳಗೆ ಹೊಸ ಕೊರಕಲು ಹುಟ್ಟುತ್ತದೆ. ಇತ್ತ ಜಿನುಗು ನೀರನ್ನೇ ನಂಬಿದ್ದ ಪಾಚಿ, ಜರಿಗಿಡ, ಕಪ್ಪೆಗಳ ಜಾಗ ಒಣಗುತ್ತದೆ. ಪೈಪಿನ ಬಾಯಿ ಎಲ್ಲಿ, ಅಲ್ಲಿ ನೀರಿನ ರಭಸ ಮುರಿಯಲು ಏನಿದೆ ಅಂತ ಕೇಳಿ.

ವಿಧಾನಗಳ ಬಗ್ಗೆ. ಇಳಿಜಾರು ಕಡಿಮೆ ಮಾಡುವುದು ಕೇಳಲು ಸೌಮ್ಯ ಅನ್ನಿಸುತ್ತದೆ, ಅಲ್ವಾ? ಆದರೆ 10 ಮೀಟರ್ ಎತ್ತರದ ಧರೆಯನ್ನು 45 ಡಿಗ್ರಿಯಿಂದ 30 ಡಿಗ್ರಿಗೆ ತಂದರೆ ಮೇಲಿನ ಅಂಚು 7 ಮೀಟರ್‌ಗಿಂತ ಜಾಸ್ತಿ ಹಿಂದೆ ಸರಿಯುತ್ತದೆ. ಅಷ್ಟು ಅಗಲದ ಕಾಡು ಹೋಯಿತು. ಉಕ್ಕಿನ ಸರಳು ಚುಚ್ಚಿ ತಂತಿ ಬಲೆ ಹಾಸುವ ವಿಧಾನದಲ್ಲಿ ಎಷ್ಟೋ ಮರಗಳನ್ನು ಉಳಿಸಬಹುದು.

ಶಾಟ್‌ಕ್ರೀಟ್, ಅಂದರೆ ಕಾಂಕ್ರೀಟ್ ಸಿಂಪಡಿಸುವುದು, ಬೇಗ ಆಗುತ್ತದೆ. ಆದರೆ ಹಸಿ ಸಿಮೆಂಟ್ ತೊಳೆದ ನೀರಿನ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ; 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಮೇಲೆ ಕ್ಷಾರ) 12ರ ಆಸುಪಾಸು ಇರುತ್ತದೆ. ತೊರೆಯ ನೀರು 9 ದಾಟಿದರೇ ಮೀನಿಗೆ ಕಷ್ಟ. ಕೆಲಸ ನಡೆಯುವಾಗ ಜಾಗದ ಮೇಲ್ಭಾಗ ಮತ್ತು ಕೆಳಭಾಗದ ನೀರನ್ನು ಎರಡು ಪಾರದರ್ಶಕ ಬಾಟಲಿಗಳಲ್ಲಿ ತುಂಬಿ. ಬೆಳಕಿಗೆ ಹಿಡಿದು ನೋಡಿ, ಪಿಎಚ್ ತೋರಿಸುವ ಕಾಗದದ ಪಟ್ಟಿ ಅದ್ದಿ, ತಾರೀಖು ಬರೆದಿಡಿ. ಇದು ಪ್ರಯೋಗಾಲಯದ ವರದಿಗೆ ಸಮವಲ್ಲ, ಆದರೂ ಸುಮ್ನೆ ದೂರುವುದಕ್ಕಿಂತ ಮೇಲು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡಿದ ಸಂರಕ್ಷಿತ ಪ್ರದೇಶಗಳ ವಿಂಗಡಣೆಯಲ್ಲಿ ಸಂರಕ್ಷಿತ ಭೂದೃಶ್ಯ ಐದನೇ ವರ್ಗ. ಅಲ್ಲಿ ನೋಟಕ್ಕೂ ಬೆಲೆ ಇದೆ. ಎದುರಿನ ಗುಡ್ಡದಿಂದ, ನಡೆದು ಹೋಗುವ ದಾರಿಯಿಂದ ಈ ಧರೆ ಹೇಗೆ ಕಾಣುತ್ತದೆ ಅನ್ನುವುದೂ ವರದಿಯಲ್ಲಿ ಇರಬೇಕು.

‘ಹಸಿರು ಹೊದಿಕೆ’ ಅಂದ ಕೂಡಲೇ ಒಪ್ಪಬೇಡಿ. ಯಾವ ಬೀಜ, ಎಲ್ಲಿಂದ ತಂದದ್ದು? ಹೊರಗಿನ ಕಳೆ ಹೀಗೇ ಒಳಗೆ ಬರುತ್ತದೆ. ಮಣ್ಣು ಹಿಡಿಯಲು ಹಾಸುವ ಚಾಪೆಗಳಲ್ಲಿ ಪ್ಲಾಸ್ಟಿಕ್ ಬಲೆ ಇದ್ದರೆ ಹಾವುಗಳು ಅದರ ಕಿಂಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತಲೆ ದಾಟುತ್ತದೆ, ಹೊಟ್ಟೆ ದಾಟುವುದಿಲ್ಲ. ಹಿಂದಕ್ಕೆ ಎಳೆದುಕೊಂಡರೆ ಮೈಮೇಲಿನ ಹುರುಪೆ ಬಲೆಗೆ ಸಿಕ್ಕಿಕೊಳ್ಳುತ್ತದೆ. ತೆಂಗಿನ ನಾರಿನ ಚಾಪೆ ಕೆಲವು ವರ್ಷಗಳಲ್ಲಿ ಕೊಳೆತು ಮಣ್ಣಾಗುತ್ತದೆ. ಲಾವಂಚದ ಬೇರು 3 ಮೀಟರ್ ಆಳಕ್ಕೂ ಇಳಿಯಬಲ್ಲದು, ಮೇಲ್ಮಣ್ಣಿಗೆ ಒಳ್ಳೆಯದು. ಅದಕ್ಕಿಂತ ಆಳದಲ್ಲಿ ಜಾರುವ ಗುಡ್ಡವನ್ನು ಮಾತ್ರ ಯಾವ ಹುಲ್ಲೂ ಹಿಡಿಯದು.

ಸಮೀಕ್ಷೆ ಯಾವ ತಿಂಗಳಲ್ಲಿ ಮಾಡಿದರು ಅಂತಲೂ ನೋಡಿ. ಬೇಸಿಗೆಯಲ್ಲಿ ಒಂದು ದಿನ ಹೋಗಿ ‘ಕಪ್ಪೆಗಳು ಕಂಡುಬಂದಿಲ್ಲ’ ಅಂತ ಬರೆಯುವುದು ಸುಲಭ. ಬಂಡೆ ಸಂದುಗಳಲ್ಲಿ ಬಾವಲಿ, ಹಲ್ಲಿ, ಹಕ್ಕಿಗೂಡು ಇವೆಯಾ ಅಂತ ಬಲೆ ಹಾಸುವ ಮೊದಲೇ ನೋಡಬೇಕು.

‘ತುರ್ತು ಕೆಲಸ, ಸಮಯವಿಲ್ಲ’ ಅಂದರೆ ಎರಡು ಹಂತ ಮಾಡಿ ಅನ್ನಿ. ಟಾರ್ಪಾಲಿನ್ ಹೊದಿಸುವುದು, ಮೇಲಿನ ನೀರು ತಿರುಗಿಸುವುದು, ಒಂದು ಬದಿ ಸಂಚಾರ ನಿಲ್ಲಿಸುವುದು ಇವತ್ತೇ ಆಗಲಿ. ಶಾಶ್ವತ ಗೋಡೆಗೆ ಪರಿಶೀಲನೆ ಮುಗಿಯಲಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಎಷ್ಟು ದಿನ ಗಮನಿಸಬೇಕು?

ಉತ್ತರ: ಕನಿಷ್ಠ ಎರಡು ಮಳೆಗಾಲ. ಒಂದು ಗೂಟ ನೆಟ್ಟು, ಪ್ರತಿ ಸಲ ಅಲ್ಲೇ ನಿಂತು ಫೋಟೊ ತೆಗೆಯಿರಿ. ಜೋರು ಮಳೆಯ ಮರುದಿನ ಗೋಡೆಯ ತೂತುಗಳಿಂದ ನೀರು ಬರುತ್ತಿದೆಯಾ ನೋಡಿ. ಧರೆ ನೆನೆದಿದ್ದೂ ಎಲ್ಲ ತೂತುಗಳು ಒಣಗಿದ್ದರೆ ಅವು ಕಟ್ಟಿಕೊಂಡಿರಬಹುದು. ಅವತ್ತೇ ತಿಳಿಸಿ.