ಅದು ಮಿಸ್ಡ್ ಕಾಲ್ ಹಾಡು ಸ್ವಾಮಿ

ದಾವಣಗೆರೆಯಿಂದ ಓದುಗರೊಬ್ರು ಸಿಟ್ಟಲ್ಲೇ ಬರ್ದಿದಾರೆ: "ಹೋದ ಸಂಚಿಕೆಲಿ 'ದ್ರಾಗೋಸ್ತ್ಯಾ ದಿನ್ ತೇಯ್' ಅನ್ನೋ ಇಟಾಲಿಯನ್ ಹಾಡನ್ನ ಹೊಗಳಿದೀರ. ಮಾಯಾ ಹೀ ಮಾಯಾ ಹೂ ಅಂತ ತಲೆಬುಡ ಇಲ್ದೆ ಕೂಗೋದಕ್ಕೆ ಯೂರೋಪಿನವ್ರು ನಂಬರ್ ಒನ್ ಹೆಂಗ್ ಕೊಟ್ರು? ದುಡ್ಡು ಚೆಲ್ಲಿ ಮಾಡಿಸ್ಕೊಂಡಿರ್ಬೇಕು."

ಸರ್, ಮೊದ್ಲು ನಮ್ ತಪ್ಪು ಒಪ್ಕೋತೀನಿ. ಅದು ಇಟಾಲಿಯನ್ ಅಲ್ಲ, ರೊಮೇನಿಯನ್. ಹಾಡಿದ್ದು ಓ-ಝೋನ್ ಅನ್ನೋ ಮೂರು ಜನರ ತಂಡ, ಮೂರೂ ಜನ ರೊಮೇನಿಯಾ ಪಕ್ಕದ, ಅದೇ ಭಾಷೆ ಆಡೋ ಮೊಲ್ಡೋವಾ ದೇಶದ ಹುಡುಗ್ರು, ಬರೆದಿದ್ದು ಅವರಲ್ಲೇ ಒಬ್ಬನಾದ ಡಾನ್ ಬಾಲಾನ್. 2003ರಲ್ಲಿ ರೊಮೇನಿಯಾದಲ್ಲಿ ಗೆದ್ದ ಮೇಲೆ ಹೈದುಚೀ ಅನ್ನೋ ರೊಮೇನಿಯನ್ ಗಾಯಕಿ ಅದನ್ನೇ ಇಟಲಿಲಿ ಹಾಡಿ ಅಲ್ಲಿ ನಂಬರ್ ಒನ್ ಮಾಡ್ಬಿಟ್ಲು, ಅದಕ್ಕೇ ತುಂಬಾ ಜನ ಇದು ಇಟಲಿದು ಅಂದ್ಕೊಂಡ್ರು, ನಾವೂ ಅದೇ ಗುಂಪಿಗೆ ಸೇರ್ಕೊಂಡ್ವಿ.

ಇನ್ನು ಅರ್ಥದ ವಿಷ್ಯ. ಶುರುಲಿ ಬರೋ ಮಾಯಾ ಹೀ ಬರೀ ಕೂಗು, ಅಲ್ಲಿ ನೀವು ಹೇಳಿದ್ದೇ ಸರಿ. ಆದ್ರೆ ಆಮೇಲೆ ಕೇಳಿ, ಹುಡುಗ ಫೋನಲ್ಲಿ ಮಾತಾಡ್ತಾನೆ, ಹಲೋ ನಾನು, ಒಬ್ಬ ಹೈದೂಕ್ ಅಂತಾನೆ. ಹೈದೂಕ್ ಅಂದ್ರೆ ಆ ಕಡೆ ಜನಪದದಲ್ಲಿ ಬರೋ ಕಾಡಿನ ಬಂಡುಕೋರ. ಇನ್ನೊಂದ್ ಸಲ ಫೋನ್ ಮಾಡಿ ನಾನು ಪಿಕಾಸೋ ಅಂತಾನೆ, ನಿಂಗೆ 'ಬೀಪ್' ಕೊಟ್ಟೆ ಅಂತಾನೆ. ಬೀಪ್ ಅಂದ್ರೇನು ಗೊತ್ತಾ? ನಮ್ ಮಿಸ್ಡ್ ಕಾಲ್! ಕರೆನ್ಸಿ ಉಳಿಸೋಕೆ ಒಂದ್ ರಿಂಗ್ ಕೊಟ್ಟು ಕಟ್ ಮಾಡ್ತಿದ್ವಲ್ಲ, ಅದೇ. ನೀವೂ ಕೊಟ್ಟಿರ್ತೀರ ಬಿಡಿ. ಎಲ್ರೂ ಕುಣಿಯೋ ಆ 'ನು ಮ ನು ಮ ಯೇಯ್' ಬರೋ ಸಾಲು ಅಂದ್ರೆ ಹೊರಟೋಗ್ಬೇಕು ಅಂತೀಯ, ನನ್ನ ಮಾತ್ರ ಕರ್ಕೊಂಡೋಗಲ್ಲ ಅಂತ. ಅಂದ್ರೆ ಅಳೋ ಮಾತನ್ನ ಕುಣಿಯೋ ಬೀಟ್ ಮೇಲೆ ಕೂರ್ಸಿದಾನೆ ಅಷ್ಟೇ. 'ಮ', ಅಂದ್ರೆ 'ನನ್ನ' ಅನ್ನೋ ಆ ಚಿಕ್ಕ ಪದ ಎರಡೆರಡು ಸಲ ಬಡಿಯುತ್ತೆ ನೋಡಿ, ಜರ್ಮನ್ ಬಾಯಿಗೂ ಫ್ರೆಂಚ್ ಬಾಯಿಗೂ ಸಲೀಸಾಗಿ ಬರುತ್ತೆ, ನನ್ ಪ್ರಕಾರ ಗೆದ್ದಿದ್ದು ಅಲ್ಲೇ. ಶೀರ್ಷಿಕೆಲಿರೋ ತೇಯ್ ಒಂದು ಮರ, ಬೇಸಿಗೆಲಿ ಹೂ ಬಿಟ್ರೆ ಬೀದಿಯೆಲ್ಲಾ ಘಮಘಮ, ನಮ್ಗೆ ಸಂಪಿಗೆ ಇದ್ದಂಗೆ.

ದುಡ್ಡು ಚೆಲ್ಲಿದ್ರು ಅನ್ನೋದನ್ನ ನಾನು ಒಪ್ಪಲ್ಲ. 2004ರಲ್ಲಿ ಫ್ರಾನ್ಸಲ್ಲಿ 15 ವಾರ, ಜರ್ಮನಿಲಿ 14 ವಾರ ನಂಬರ್ ಒನ್ ಇತ್ತು, ಇಂಗ್ಲಿಷ್ ಬಿಟ್ರೆ ಬೇರೆ ಭಾಷೆ ಕಷ್ಟಪಟ್ಟು ಕೇಳೋ ಬ್ರಿಟನ್ನಲ್ಲೂ 3ನೇ ಸ್ಥಾನ. ಆಗ ಫ್ರಾನ್ಸಲ್ಲಿ ಈ ನಂಬರಿನ ಲೆಕ್ಕಕ್ಕೆ ಬರ್ತಿದ್ದಿದ್ದು ಅಂಗಡಿಲಿ ಮಾರಾಟ ಆದ ಸಿಂಗಲ್ಸು, ಅಂದ್ರೆ ಒಂದೇ ಹಾಡಿಗೆ ಅಂತ ಬರೋ ಸಿಡಿ, ಒಂದ್ ವಾರ ಏನೋ ಕಸರತ್ತು ಮಾಡ್ಬೋದು, ಮೂರೂವರೆ ತಿಂಗ್ಳು ಯಾರ್ ಜೇಬಿಂದ ಕೊಂಡ್ಕೊಳ್ತಾರೆ ಸರ್?

ತಂಡ 2005ರಲ್ಲಿ ಒಡೆದುಹೋಯ್ತು. 2008ರಲ್ಲಿ ರ್‍ಯಾಪರ್ ಟಿ.ಐ. ಮತ್ತೆ ಗಾಯಕಿ ರಿಹಾನ್ನಾ ತಮ್ಮ ಹಾಡಲ್ಲಿ ಇದೇ ಟ್ಯೂನ್ ಎತ್ಕೊಂಡು ಅಮೆರಿಕದಲ್ಲಿ ನಂಬರ್ ಒನ್ ಹೊಡೆದ್ರು, ಆ ಹಾಡು ನಿಮ್ ಮನೆ ಹುಡುಗ್ರ ಫೋನಲ್ಲಿ ಇದ್ರೂ ಇರ್ಬೋದು, ಕೇಳಿ ನೋಡಿ.

ಮುಂದಿನ ಸಂಚಿಕೆಲಿ ತಿದ್ದುಪಡಿ ಹಾಕ್ತೀವಿ.

— ಸಂ.