ಒಂದೇ 3ಡಿ ಮಾಡೆಲ್ ಅನ್ನು ಎಷ್ಟು ಫಾರ್ಮ್ಯಾಟ್‌ಗಳಲ್ಲಿ ಮಾರಬೇಕು?

ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಕುರ್ಚಿ, ಮೇಜುಗಳ ಮಾಡೆಲ್ ಮಾಡಿದ್ದೀರಿ, ಮಾರಬೇಕು ಅಂತಿದ್ದೀರಿ. ಬೇರೆಯವರು ಹತ್ತು ಹನ್ನೆರಡು ಫಾರ್ಮ್ಯಾಟ್ (ಫೈಲಿನ ಬಗೆ) ಕೊಡುತ್ತಾರೆ, ನಾನೂ ಅಷ್ಟು ಕೊಡಬೇಕಾ ಅಂತ ಕೇಳಿದ್ದೀರಿ. ಬೇಡ. ನೀವೇ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿದ ಫಾರ್ಮ್ಯಾಟ್ ಮಾತ್ರ ಕೊಡಿ. ಅದು ಮೂರಿದ್ದರೂ ಸಾಕು.

ನಾನು ಶುರು ಮಾಡಿದಾಗ ಎಕ್ಸ್‌ಪೋರ್ಟ್ ಮೆನು ತೆರೆದು ಮೇಲಿಂದ ಕೆಳಗಿನವರೆಗೆ ಒಂದೊಂದನ್ನೇ ಒತ್ತಿ, ಎಲ್ಲವನ್ನೂ ಜಿಪ್ ಮಾಡಿ ಏರಿಸಿಬಿಟ್ಟೆ. ಪಟ್ಟಿ ಉದ್ದ ಇದ್ದರೆ ಜಾಸ್ತಿ ಮಾರಾಟ ಆಗುತ್ತೆ ಅನ್ನೋ ಲೆಕ್ಕ. ಮೊದಲು ಬಂದ ದೂರು ಒಂದು ಮರದ ಕುರ್ಚಿಯದು. "ಪೂರ್ತಿ ಬೂದು ಬಣ್ಣ ಬರ್ತಿದೆ, ಮರ ಎಲ್ಲಿ?" ಅಂತ ಕೊಂಡವರು ಬರೆದರು. ನನ್ನ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಅವರು ತೆರೆದಿದ್ದು ಒಬಿಜೆ ಅನ್ನೋ ಫಾರ್ಮ್ಯಾಟ್‌ನ ಫೈಲು. ಅದರಲ್ಲಿ ಇರುವುದು ಆಕಾರ. ಬಣ್ಣ, ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ವಿವರ ಪಕ್ಕದ ಎಂಟಿಎಲ್ ಫೈಲಿನಲ್ಲಿರುತ್ತದೆ. ಅದು ಬರೀ ಅಕ್ಷರಗಳ ಫೈಲು, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತೆ. ತೆರೆದರೆ ಏನಿದೆ? ಟೆಕ್ಸ್ಚರ್ ಚಿತ್ರದ ದಾರಿ ನನ್ನ ಸಿ ಡ್ರೈವ್‌ನಿಂದ ಶುರುವಾಗಿ, ನನ್ನ ಹೆಸರಿನ ಫೋಲ್ಡರ್ ಹಾದು ಹೋಗುತ್ತಿದೆ! ಅವರ ಕಂಪ್ಯೂಟರ್‌ನಲ್ಲಿ ಆ ದಾರಿ ಎಲ್ಲಿಂದ ಬರಬೇಕು? ದಾರಿಯನ್ನೆಲ್ಲ ಅಳಿಸಿ ಚಿತ್ರದ ಹೆಸರು ಮಾತ್ರ ಉಳಿಸಿದೆ, ಚಿತ್ರವನ್ನು ಅದೇ ಫೋಲ್ಡರ್‌ಗೆ ಹಾಕಿದೆ, ಸರಿಹೋಯಿತು. ಅಂದಿನಿಂದ ಪರೀಕ್ಷೆ ಮಾಡುವ ಮೊದಲು ನನ್ನ ಮೂಲ ಟೆಕ್ಸ್ಚರ್ ಫೋಲ್ಡರಿನ ಹೆಸರನ್ನೇ ಬದಲಾಯಿಸಿಬಿಡುತ್ತೇನೆ. ಆಮೇಲೆ ಜಿಪ್ ಬಿಚ್ಚಿ ತೆರೆಯುತ್ತೇನೆ. ತಪ್ಪಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

ನಿಮಗೆ ಇದಕ್ಕಿಂತ ದೊಡ್ಡ ತಲೆನೋವು ಮೆಟೀರಿಯಲ್, ಅಂದರೆ ಮೇಲ್ಮೈ ಹೇಗೆ ಕಾಣಬೇಕು ಅನ್ನೋ ಸೆಟ್ಟಿಂಗ್. ಬ್ಲೆಂಡರ್‌ನಲ್ಲಿ ನಾಯ್ಸ್ ನೋಡ್, ವೇವ್ ನೋಡ್ (ಲೆಕ್ಕದಿಂದಲೇ ವಿನ್ಯಾಸ ಹುಟ್ಟಿಸುವ ತುಣುಕುಗಳು) ಜೋಡಿಸಿ ಮರದ ಗೆರೆ ಮಾಡಿದ್ದರೆ ಅದು ಬ್ಲೆಂಡರ್ ಬಿಟ್ಟು ಹೊರಗೆ ಬರೋದಿಲ್ಲ. ಎಫ್‌ಬಿಎಕ್ಸ್ ಫಾರ್ಮ್ಯಾಟ್ ಆಗಲಿ, ಜಿಎಲ್‌ಬಿ ಫಾರ್ಮ್ಯಾಟ್ ಆಗಲಿ, ಅದನ್ನು ಹೊರುವುದಿಲ್ಲ. ಮೊದಲು ಯುವಿ ಬಿಡಿಸಿ (ಮೇಲ್ಮೈಯನ್ನು ಚಿತ್ರಕ್ಕೆ ಹೊಂದುವಂತೆ ಚಪ್ಪಟೆ ಹರಡಿ), ಬಣ್ಣ, ರಫ್‌ನೆಸ್ (ಒರಟುತನ), ನಾರ್ಮಲ್ (ಉಬ್ಬುತಗ್ಗು ತೋರಿಸುವ ವಿವರ) ಎಲ್ಲವನ್ನೂ ಚಿತ್ರಗಳಾಗಿ ಬೇಕ್ ಮಾಡಬೇಕು, ಅಂದರೆ ಚಿತ್ರದ ಫೈಲಾಗಿ ಉಳಿಸಬೇಕು. ನಾರ್ಮಲ್ ಮ್ಯಾಪ್‌ನಲ್ಲಿ ಇನ್ನೊಂದು ಕಿರಿಕಿರಿ ಇದೆ. ಬ್ಲೆಂಡರ್ ಮತ್ತು ಗೇಮ್ ಮಾಡುವ ಸಾಫ್ಟ್‌ವೇರ್ ಯೂನಿಟಿ ಓಪನ್‌ಜಿಎಲ್ ಅನ್ನೋ ರೀತಿಯದನ್ನು ಕೇಳುತ್ತವೆ, ಇನ್ನೊಂದು ಗೇಮ್ ಸಾಫ್ಟ್‌ವೇರ್ ಅನ್‌ರಿಯಲ್ ಡೈರೆಕ್ಟ್‌ಎಕ್ಸ್ ಅನ್ನೋ ರೀತಿಯದನ್ನು. ಒಂದರ ಹಸಿರು ಚಾನೆಲ್ (ಚಿತ್ರದ ಹಸಿರು ಬಣ್ಣದ ಪದರ) ಇನ್ನೊಂದಕ್ಕೆ ತಲೆಕೆಳಗು. ತಪ್ಪಾದರೆ ಕೆತ್ತನೆಯ ಗುಂಡಿ ಉಬ್ಬಿದಂತೆ, ಉಬ್ಬು ಗುಂಡಿ ಬಿದ್ದಂತೆ ಕಾಣುತ್ತದೆ. ನಾನು ಎರಡನ್ನೂ ಹೆಸರು ಬರೆದು ಇಡುತ್ತೇನೆ.

ಯಾರು ಕೊಳ್ಳುತ್ತಾರೆ ಅನ್ನೋದರ ಮೇಲೆ ಫಾರ್ಮ್ಯಾಟ್ ಆರಿಸಿ. ಗೇಮ್ ಮಾಡುವವರು ಸಾಮಾನ್ಯವಾಗಿ ಎಫ್‌ಬಿಎಕ್ಸ್ ಕೇಳುತ್ತಾರೆ, ಮಾಡೆಲ್ ಅಲುಗಿಸಲು ಒಳಗಿಡುವ ಮೂಳೆ, ಚಲನೆ ಎಲ್ಲ ಅದರಲ್ಲಿ ಹೋಗುತ್ತೆ. ವೆಬ್‌ಗೆ ಜಿಎಲ್‌ಬಿ. ಇದು ಕ್ರೋನೋಸ್ ಗ್ರೂಪ್‌ನ ಜಿಎಲ್‌ಟಿಎಫ್‌ನ ಒಂದೇ ಫೈಲಿನ ರೂಪ, ಈಗ ಚಾಲ್ತಿಯಲ್ಲಿರುವ 2.0 ಬಂದಿದ್ದು 2017ರಲ್ಲಿ. ಟೆಕ್ಸ್ಚರ್ ಫೈಲಿನ ಒಳಗೇ ಕೂತಿರುವುದರಿಂದ ನನಗೆ ದೂರು ಕಡಿಮೆ ಬರುವುದು ಇದಕ್ಕೇ. ಐಫೋನ್‌ನಲ್ಲಿ ಕುರ್ಚಿಯನ್ನು ಮನೆಯೊಳಗೆ ಇಟ್ಟು ನೋಡುವವರಿಗೆ ಯುಎಸ್‌ಡಿಜೆಡ್.

3ಡಿ ಪ್ರಿಂಟ್ ಮಾಡುವವರದು ಬೇರೆಯೇ ಕಥೆ. ಎಸ್‌ಟಿಎಲ್ 1980ರ ದಶಕದ ಫಾರ್ಮ್ಯಾಟ್, ಬರೀ ತ್ರಿಕೋನಗಳು. ಅಳತೆ ಮಿಲಿಮೀಟರೋ ಮೀಟರೋ ಅಂತ ಅದರಲ್ಲಿ ಬರೆದಿರುವುದಿಲ್ಲ. 60 ಮಿಲಿಮೀಟರಿನ ಪುಟ್ಟ ಸ್ಟೂಲನ್ನು ನಾನು ಬ್ಲೆಂಡರ್‌ನ ಮೀಟರ್ ಲೆಕ್ಕದಲ್ಲಿ 0.06 ಅಂತ ಮಾಡಿದ್ದೆ. ಸ್ಲೈಸರ್ (ಮಾಡೆಲನ್ನು ಪ್ರಿಂಟರ್‌ಗೆ ಸಿದ್ಧಮಾಡುವ ಸಾಫ್ಟ್‌ವೇರ್) ಅದನ್ನು 0.06 ಮಿಲಿಮೀಟರ್ ಅಂತ ಓದಿತು. ಕೊಂಡವರಿಗೆ ಕಂಡಿದ್ದು ಖಾಲಿ ಪ್ರಿಂಟ್ ಬೆಡ್! ಸಾವಿರದಿಂದ ಗುಣಿಸಿ ಕಳಿಸಿದೆ. 3ಎಂಎಫ್ ಅನ್ನೋ ಇನ್ನೊಂದು ಪ್ರಿಂಟ್ ಫಾರ್ಮ್ಯಾಟ್‌ನಲ್ಲಿ ಅಳತೆಯ ಘಟಕ ಇರುತ್ತದೆ, ಅದನ್ನೂ ಜೊತೆಗೆ ಕೊಡಿ. ತ್ರಿಕೋನ ಸುಮ್ನೆ ಜಾಸ್ತಿ ಮಾಡಬೇಡಿ. ಬೈನರಿ ಎಸ್‌ಟಿಎಲ್‌ನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್, 10 ಲಕ್ಷ ತ್ರಿಕೋನ ಅಂದರೆ 50 ಎಂಬಿ. ಇನ್ನೊಂದು ಮಾತು, ರೆಂಡರ್‌ನಲ್ಲಿ (ಮಾಡೆಲಿನಿಂದ ತೆಗೆದ ಚಿತ್ರದಲ್ಲಿ) ಚೆನ್ನಾಗಿ ಕಾಣುವ ಕುರ್ಚಿ ಪ್ರಿಂಟ್‌ಗೆ ಆಗುತ್ತೆ ಅಂತೇನಿಲ್ಲ. ಮೆಶ್‌ನಲ್ಲಿ (ಮಾಡೆಲಿನ ಆಕಾರ ಕಟ್ಟುವ ಚಪ್ಪಟೆ ತುಂಡುಗಳ ಬಲೆಯಲ್ಲಿ) ತೂತು, ದಪ್ಪವೇ ಇಲ್ಲದ ಗೋಡೆ ಇದ್ದರೆ ಎಸ್‌ಟಿಎಲ್ ಹಾಕಲೇಬೇಡಿ.

ಸ್ಟೆಪ್ ಅನ್ನೋ ಫಾರ್ಮ್ಯಾಟ್ ಕೇಳುವವರೂ ಬರುತ್ತಾರೆ. ಅದು ಕ್ಯಾಡ್‌ನವರದು (ಕಂಪ್ಯೂಟರ್‌ನಲ್ಲಿ ಎಂಜಿನಿಯರಿಂಗ್ ವಿನ್ಯಾಸ ಮಾಡುವವರದು), ನಿಜವಾದ ವಕ್ರ ಮೇಲ್ಮೈಗಳನ್ನು ಇಡುವ ಫೈಲು. ಮೆಶ್ ಅನ್ನು ತಂದು ಸ್ಟೆಪ್ ಮಾಡಿದರೆ ಸಾವಿರಾರು ಚಪ್ಪಟೆ ತುಂಡುಗಳು ಸಿಗುತ್ತವೆ, ಯಾರ ಕೆಲಸಕ್ಕೂ ಬರಲ್ಲ. "ಇಲ್ಲ, ಇದು ಮೆಶ್ ಮಾಡೆಲ್" ಅಂತ ಹೇಳಿಬಿಡಿ.

ಬ್ಲೆಂಡರ್‌ನದೇ ಬ್ಲೆಂಡ್ ಫೈಲ್ ಕೊಡುವುದಾದರೆ ಚಿತ್ರಗಳನ್ನು ಒಳಗೇ ಪ್ಯಾಕ್ ಮಾಡಿ, ಯಾವ ಆವೃತ್ತಿಯಲ್ಲಿ ಉಳಿಸಿದ್ದೀರಿ ಅಂತ ಬರೆಯಿರಿ. ಪ್ರತಿ ಫಾರ್ಮ್ಯಾಟ್‌ಗೂ ಬೇರೆ ಜಿಪ್ ಮಾಡಿ. ಜಿಎಲ್‌ಬಿ ಬೇಕಾದವರು ಎಲ್ಲವನ್ನೂ ಯಾಕೆ ಇಳಿಸಿಕೊಳ್ಳಬೇಕು, ಅಲ್ವಾ? ವಿವರಣೆಯಲ್ಲಿ "ಒಬಿಜೆಯಲ್ಲಿ ಚಲನೆ ಇಲ್ಲ" ಅನ್ನುವಂಥದ್ದನ್ನೂ ಮುಚ್ಚಿಡದೆ ಹಾಕಿ.

ಆ ಮರದ ಕುರ್ಚಿ ಈಗಲೂ ಮಾರಾಟಕ್ಕಿದೆ. ಬ್ಲೆಂಡ್, ಎಫ್‌ಬಿಎಕ್ಸ್, ಜಿಎಲ್‌ಬಿ, ಒಬಿಜೆ, ನಾಲ್ಕೇ. ಪಟ್ಟಿಯ ಕೆಳಗೆ "ಬೇರೆ ಬೇಕಾದರೆ ಕೇಳಿ" ಅಂತ ಒಂದು ಸಾಲು ಬರೆದಿದ್ದೇನೆ. ಯಾರಾದರೂ ಕೇಳಿದರೆ ಮಾಡಿ, ತೆರೆದು ನೋಡಿ, ಕಳಿಸುತ್ತೇನೆ.