ಎಲೆಕ್ಟ್ರಿಕ್ ಲಾರಿ ಕೊಳ್ಳದೆ ಸರಕು ಸಾಗಣೆಯ ಇಂಗಾಲ ಇಳಿಸಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಇಪ್ಪತ್ತು ಲಾರಿಗಳಿವೆ, ಇಂಗಾಲ ಕಡಿಮೆ ಮಾಡಿ ಅಂತ ಮೇಲಿನವರು ಹೇಳಿದ್ದಾರೆ, ಹೊಸ ಎಲೆಕ್ಟ್ರಿಕ್ ಲಾರಿಗೆ ಸದ್ಯ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಬೇಕು? ಲಾರಿಗಳಿಗೆ ಲೋಡ್ ಹೊಂದಿಸುವ ಮೇಜಿನ ಮುಂದೆ ನಾನು ಹದಿನಾಲ್ಕು ವರ್ಷ ಕೂತಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, ಮೊದಲು ಖಾಲಿ ಓಡುವ ಕಿಲೋಮೀಟರ್ ಎಣಿಸಿ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಲೀಟರ್ ಡೀಸೆಲ್ ತೂಗುವುದೇ 840 ಗ್ರಾಂ ಆಸುಪಾಸು, ಇಷ್ಟು ಎಲ್ಲಿಂದ ಬಂತು ಅಂತ ಮೊದಲ ಸಲ ಕೇಳಿದಾಗ ನಾನೂ ನಂಬಿರಲಿಲ್ಲ. ಡೀಸೆಲ್‌ನಲ್ಲಿರುವ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ, ಅದರಿಂದ ತೂಕ ಏರುತ್ತದೆ. ಹಾಗಾಗಿ ನಿಮ್ಮ ಬಳಿ ಡೀಸೆಲ್ ಬಿಲ್ ಇದ್ದರೆ ಇಂಗಾಲದ ಲೆಕ್ಕವೂ ಇದ್ದಂತೆಯೇ.

ಈಗ ಒಂದು ಟ್ರಿಪ್ ನೋಡೋಣ. ಲೋಡ್ ಹೊತ್ತು 300 ಕಿ.ಮೀ. ಹೋಗಿ, ಖಾಲಿಯಾಗಿ 300 ಕಿ.ಮೀ. ವಾಪಸ್ ಬರುವ ಲಾರಿ ಅಂದುಕೊಳ್ಳಿ. ಲೋಡ್ ಇದ್ದಾಗ ಲೀಟರಿಗೆ 3 ಕಿ.ಮೀ., ಖಾಲಿ ಇದ್ದಾಗ 4.5 ಕಿ.ಮೀ. ಕೊಟ್ಟರೆ, ಹೋಗಲು 100 ಲೀಟರ್, ಬರಲು 67 ಲೀಟರ್. ಅಂದರೆ ಒಟ್ಟು ಡೀಸೆಲ್‌ನಲ್ಲಿ ಶೇಕಡಾ 40ರಷ್ಟು ಒಂದು ಪೆಟ್ಟಿಗೆಯನ್ನೂ ಸಾಗಿಸದೆ ಉರಿದುಹೋಯಿತು. ಖಾಲಿ ಲಾರಿ ಹಗುರ, ಅದೇನು ಅಷ್ಟೊಂದು ಕುಡಿಯಲ್ಲ ಅನ್ನುವವರಿಗೆ ಈ ಲೆಕ್ಕ ತೋರಿಸಿ. ಲಾರಿಯ ಸ್ವಂತ ತೂಕವೇ ಹಲವು ಟನ್ ಇರುತ್ತದೆ ಅಲ್ವಾ? ಯುರೋಪಿನಂತಹ ಕಡೆಯಲ್ಲೂ ಲಾರಿಗಳು ಓಡುವ ದೂರದಲ್ಲಿ ಸುಮಾರು ಐದನೇ ಒಂದು ಭಾಗ ಖಾಲಿ ಓಟವೇ. ರಿಟರ್ನ್ ಲೋಡ್ ಹುಡುಕಿ, ಬೇಕಿದ್ದರೆ ಪಕ್ಕದ ಸಂಸ್ಥೆಯ ಜೊತೆ ಹಂಚಿಕೊಳ್ಳಿ. ಪೈಪೋಟಿಯವರು ಅಂತ ಹಿಂಜರಿಯಬೇಡಿ. ಅವರ ಲಾರಿಯೂ ಎಲ್ಲೋ ಒಂದು ಕಡೆಯಿಂದ ಖಾಲಿ ಬರುತ್ತಿರುತ್ತದೆ.

ಇನ್ನು ಅರ್ಧ ತುಂಬಿದ ಲಾರಿಯ ವಿಷಯ. ನನಗೆ ಅತಿ ಹೆಚ್ಚು ಸಂಕಟ ಕೊಟ್ಟಿದ್ದು ಇದೇ. ನಮ್ಮ ಒಬ್ಬ ಗ್ರಾಹಕರಿಗೆ ವಾರಕ್ಕೆ ಐದು ದಿನ ಮಾಲು ಕಳಿಸುತ್ತಿದ್ದೆವು, ಪ್ರತಿ ಸಲ ಲಾರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬುತ್ತಿತ್ತು. "ನಾಳೆಯೇ ಬೇಕು" ಅನ್ನುವುದು ಅವರ ಕರಾರು. ಒಂದು ದಿನ ನಾನೇ ಲಾರಿ ಹತ್ತಿ ಅವರ ಗೋದಾಮಿಗೆ ಹೋದೆ. ನೋಡಿದರೆ ಮೂರು ದಿನದ ಹಿಂದೆ ಕಳಿಸಿದ ಮಾಲು ಕಟ್ಟು ಬಿಚ್ಚದೆ ಮೂಲೆಯಲ್ಲಿ ಕೂತಿತ್ತು! ಗೋದಾಮು ನೋಡಿಕೊಳ್ಳುವವರನ್ನು ಕೇಳಿದೆ. ನಾಳೆಯೇ ಬೇಕು ಅಂತ ಆರ್ಡರ್ ಫಾರ್ಮಿನಲ್ಲಿ ಮೊದಲಿನಿಂದಲೂ ಇದೆ, ಯಾಕೆ ಅಂತ ಯಾರೂ ಕೇಳಿಲ್ಲ ಅಂದರು. ಮಾತಾಡಿ ವಾರಕ್ಕೆ ಮೂರು ದಿನ ಮಾಡಿಕೊಂಡೆವು. ಅದೇ ಮಾಲು, ಅದೇ ದಾರಿ, ವಾರಕ್ಕೆ ಎರಡು ಟ್ರಿಪ್ ಕಡಿಮೆ. ತುಂಬಿದ ಲಾರಿ ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಆದರೆ ಉಳಿತಾಯವಾದ ಎರಡು ಟ್ರಿಪ್ ಮುಂದೆ ಅದು ಏನೂ ಅಲ್ಲ.

ಅವತ್ತಿನಿಂದ ನಾನು ಚಾಲಕರಿಗೆ ಉಪದೇಶ ಮಾಡುವುದು ಕಡಿಮೆ ಮಾಡಿದೆ. ಲಾರಿ ಎಷ್ಟು ಹೊಗೆ ಉಗುಳಬೇಕು ಅನ್ನುವುದು ಬಹುಪಾಲು ಆರ್ಡರ್ ಒಪ್ಪಿಕೊಳ್ಳುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ವೇಗವೂ ಹಾಗೆಯೇ. ಗಾಳಿಯ ಎದುರೊತ್ತು ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಎದುರೊತ್ತು ನಾಲ್ಕರಷ್ಟು; 80ರಿಂದ 90 ಕಿ.ಮೀ.ಗೆ ಹೋದರೆ ಕಾಲು ಭಾಗಕ್ಕಿಂತ ಜಾಸ್ತಿ. ಬಿಗಿ ಸಮಯ ಕೊಟ್ಟು ಕಳಿಸಿ, ಆಮೇಲೆ ನಿಧಾನವಾಗಿ ಓಡಿಸಪ್ಪಾ ಅಂದರೆ ಚಾಲಕ ಏನು ಮಾಡಬೇಕು? ಗೇಟಿನ ಹೊರಗೆ ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟು ಕಾಯುವುದಕ್ಕೂ ಹೆಚ್ಚಾಗಿ ಒಳಗಿನ ವ್ಯವಸ್ಥೆಯೇ ಕಾರಣ. ದೊಡ್ಡ ಲಾರಿ ಹಾಗೆ ನಿಂತಲ್ಲೇ ಗಂಟೆಗೆ 2–3 ಲೀಟರ್ ಸುಡುತ್ತದೆ. ಅನ್‌ಲೋಡ್ ಮಾಡಲು ಇಂಥ ಹೊತ್ತು ಅಂತ ಮೊದಲೇ ಗೊತ್ತುಮಾಡಿ. ಟಯರಿನ ಗಾಳಿ ವಾರಕ್ಕೊಮ್ಮೆ ನೋಡಿಸಿ, ಟಾರ್ಪಾಲು ಪಟಪಟ ಹೊಡೆಯದಂತೆ ಬಿಗಿಯಾಗಿ ಕಟ್ಟಿಸಿ.

ಎಲೆಕ್ಟ್ರಿಕ್ ಲಾರಿ ಬೇಡ ಅಂತ ನಾನು ಹೇಳುತ್ತಿಲ್ಲ, ಕೊನೆಗೆ ಅಲ್ಲಿಗೆ ಹೋಗಲೇಬೇಕು. ಯುರೋಪಿಯನ್ ಒಕ್ಕೂಟ 2024ರಲ್ಲಿ ಮಾಡಿದ ನಿಯಮದ ಪ್ರಕಾರ, ಅಲ್ಲಿ ಮಾರಾಟವಾಗುವ ಹೊಸ ಭಾರೀ ವಾಹನಗಳ ಹೊರಸೂಸುವಿಕೆ 2040ರ ಹೊತ್ತಿಗೆ 2019ಕ್ಕಿಂತ ಸರಾಸರಿ ಶೇಕಡಾ 90 ಇಳಿಯಬೇಕು. ದುಡ್ಡು ಕೂಡಿದಾಗ, ದಿನಾ ಒಂದೇ ದಾರಿಯಲ್ಲಿ ಓಡಿ ರಾತ್ರಿ ನಿಮ್ಮ ಅಂಗಳಕ್ಕೇ ಬಂದು ನಿಲ್ಲುವ ಲಾರಿಯನ್ನು ಮೊದಲು ಬದಲಿಸಿ. ಅದಕ್ಕೆ ಚಾರ್ಜಿಂಗ್ ಸುಲಭ. ತುಂಬಾ ದೂರದ, ಅವಸರವಿಲ್ಲದ ಮಾಲಿಗೆ ರೈಲು ಸಿಗುತ್ತದಾ ನೋಡಿ.

ಒಂದು ಎಚ್ಚರಿಕೆ. ಇಂಗಾಲವನ್ನು ಟನ್-ಕಿಲೋಮೀಟರ್ ಲೆಕ್ಕದಲ್ಲಿ ಅಳೆಯಿರಿ, ಅಂದರೆ ಒಂದು ಟನ್ ಮಾಲನ್ನು ಒಂದು ಕಿ.ಮೀ. ಸಾಗಿಸಲು ಎಷ್ಟು ಅಂತ. ಇದಕ್ಕೆ 2023ರಲ್ಲಿ ಬಂದ ಐಎಸ್‌ಒ 14083 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಆದರೆ ಆ ಅಂಕಿ ಚೆನ್ನಾಗಿ ಕಾಣಲಿ ಅಂತ ಮಿತಿ ಮೀರಿ ಲೋಡ್ ಹಾಕಬೇಡಿ. ಬ್ರೇಕ್ ಹಿಡಿಯದೆ ಹೋದರೆ ಜೀವ ಹೋಗುತ್ತದೆ. ಒಟ್ಟು ಎಷ್ಟು ಲೀಟರ್ ಉರಿಯಿತು ಅನ್ನುವುದನ್ನೂ ಪಕ್ಕದಲ್ಲೇ ಬರೆದಿಡಿ.

ನಾಳೆ ಬೆಳಿಗ್ಗೆ ಹೋದ ತಿಂಗಳ ಟ್ರಿಪ್ ಶೀಟ್‌ಗಳನ್ನೆಲ್ಲ ತೆಗೆಯಿರಿ. ಖಾಲಿ ಓಡಿದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೂಡಿಸಿ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಯಾವ ದಾರಿಯನ್ನು ಮೊದಲು ಸರಿಮಾಡಬಹುದು ಅಂತ ಒಟ್ಟಿಗೆ ನೋಡೋಣ.